ಯಜಮಾನರನ್ನು ಕಳಿಸಿ

ಕಾರು ಓಡಿಸುವ ಹೆಂಗಸಿಗೆ ಕಾರು ಕೆಟ್ಟರೆ ಅರ್ಧ ಕಷ್ಟ. ಅದು ಕೆಟ್ಟಿದೆ ಎಂದು ಗಂಡಸರಿಗೆ ಹೇಳುವುದು ಉಳಿದರ್ಧ.

ಕಡೂರಿನಿಂದ ತರೀಕೆರೆಗೆ ಹೊರಟಿದ್ದೆ. ನಮ್ಮದು ಹಳೆಯ ಕಾರು. ಬೀರೂರು ದಾಟುವಾಗ ಸ್ಪೀಡೋಮೀಟರಿನ ಮುಳ್ಳು ಎರಡು ಸಲ ನಡುಗಿ ಸೊನ್ನೆಗೆ ಬಿದ್ದಿತು. ಕಾರು ಮಾತ್ರ ಓಡುತ್ತಲೇ ಇತ್ತು. ತರೀಕೆರೆಯ ಗ್ಯಾರೇಜಿನವನಿಗೆ ತೋರಿಸಿದೆ. ಆತ ಬಾನೆಟ್ ಎತ್ತಲಿಲ್ಲ, ಒಂದು ಪ್ರಶ್ನೆ ಕೇಳಲಿಲ್ಲ. "ಮೀಟರ್ ಹೋಗಿದೆ ಮೇಡಂ, ಪೂರ್ತಿ ಬದಲಾಯಿಸಬೇಕು. ನಿಮಗೆ ಗೊತ್ತಾಗಲ್ಲ, ಯಜಮಾನರನ್ನ ಕಳಿಸಿ" ಎಂದ. ಮನೆಗೆ ಬಂದು ಹೇಳಿದರೆ ಯಜಮಾನರು, "ಮುಳ್ಳು ಯಾಕೆ? ಅಂದಾಜಿನ ಮೇಲೆ ಓಡಿಸಿದರಾಯ್ತು" ಎಂದರು.

ಇಬ್ಬರ ಮಾತನ್ನೂ ನಾನು ಒಪ್ಪುವುದಿಲ್ಲ.

ಮಗುವಿಗೆ ಜ್ವರ ಬಂದರೆ ನಾವು ಏನು ಮಾಡುತ್ತೇವೆ? ಗಂಟಲು ನೋವೇ, ಹೊಟ್ಟೆ ನೋವೇ, ಎಂದಿನಿಂದ ಎಂದು ಕೇಳುತ್ತೇವೆ. ಕಾರಿಗೂ ಅಷ್ಟೇ. ಮೊದಮೊದಲಿನ ಮಾರುತಿ 800ರಂಥ ಕಾರುಗಳಲ್ಲಿ ಗೇರ್‌ಬಾಕ್ಸಿನಿಂದ ಮೀಟರಿನವರೆಗೆ ಒಂದು ಕೇಬಲ್ ಇರುತ್ತದೆ. ಕಾರು ಓಡಿದಂತೆ ಅದರ ಒಳತಂತಿ ತಿರುಗುತ್ತದೆ. ಮುಳ್ಳನ್ನು ಏಳಿಸುವುದೂ ಅದೇ, ಕಿಲೋಮೀಟರಿನ ಅಂಕಿಗಳನ್ನು ಉರುಳಿಸುವುದೂ ಅದೇ. ಮುಳ್ಳು ಸತ್ತು ಅಂಕಿ ಓಡುತ್ತಿದ್ದರೆ ದೋಷ ಮೀಟರಿನೊಳಗೆ. ಎರಡೂ ಒಟ್ಟಿಗೆ ನಿಂತರೆ ಮೊದಲು ಅನುಮಾನಿಸಬೇಕಾದದ್ದು ಕೇಬಲನ್ನು, ಆಮೇಲೆ ಅದನ್ನು ತಿರುಗಿಸುವ ಪುಟ್ಟ ಗೇರನ್ನು. ಮುಳ್ಳು ಸದಾ ನಡುಗುತ್ತಿದ್ದರೆ ಕೇಬಲಿನಲ್ಲಿ ಗ್ರೀಸ್ ಒಣಗಿರಬಹುದು, ಇಲ್ಲವೆ ಅದು ಎಲ್ಲೋ ಮಡಿಸಿಕೊಂಡಿರಬಹುದು.

ನನ್ನ ಕಾರಿನಲ್ಲಿ ಅಂಕಿಯೂ ನಿಂತಿತ್ತು. ಮುಂದಿನ ವಾರ ಅಜ್ಜಂಪುರದ ತವರಿಗೆ ಹೋದಾಗ ಅಲ್ಲಿಯ ಮೆಕ್ಯಾನಿಕ್‌ಗೆ ಇದನ್ನೇ ಹೇಳಿದೆ. ಆತ ಕೇಬಲ್ ಬಿಚ್ಚಿ ಎಳೆದ. ಒಳತಂತಿ ಅರ್ಧದಲ್ಲೇ ತುಂಡಾಗಿತ್ತು. ಹೊಸ ಕೇಬಲ್ ಹಾಕಿಸಿದೆ. "ಹೋಗಿದ್ದ" ಮೀಟರು ಈಗ ಸುಖವಾಗಿದೆ.

ಈಚಿನ ಕಾರುಗಳಲ್ಲಿ ಕೇಬಲ್ ಬದಲು ಸೆನ್ಸರ್ ಇದೆ. ಅಲ್ಲಿಯೂ ದೋಷ ಸೆನ್ಸರಿನಲ್ಲೋ, ವೈರಿನಲ್ಲೋ, ಮೀಟರಿನಲ್ಲೋ ಎಂದು ನೋಡಿದ ಮೇಲೆಯೇ ಬದಲಾಯಿಸುವ ಮಾತು.

ಇನ್ನು ಅಂದಾಜಿನ ವಿಚಾರ. ಹೆದ್ದಾರಿಯಲ್ಲಿ ಅರ್ಧ ಗಂಟೆ ವೇಗವಾಗಿ ಬಂದ ಕಣ್ಣಿಗೆ ಪೇಟೆಯೊಳಗೆ ನಲವತ್ತೂ ಇಪ್ಪತ್ತರಂತೆ ಕಾಣುತ್ತದೆ. ಶಾಲೆ ಬಿಟ್ಟ ಮಕ್ಕಳು ನಮ್ಮ ಅಂದಾಜು ಕೇಳಿಕೊಂಡು ರಸ್ತೆಗೆ ಬರುವುದಿಲ್ಲ. ಸ್ಪೀಡೋಮೀಟರ್ ಇರಲೇಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುವುದು ಅಲಂಕಾರಕ್ಕಲ್ಲ.

ಸತ್ತ ಮುಳ್ಳು ಸತ್ತಿದೆ ಎಂದಾದರೂ ಗೊತ್ತಾಗುತ್ತದೆ. ವೇಗವನ್ನು ಕಡಿಮೆ ತೋರಿಸುವ ಮುಳ್ಳು ಅದಕ್ಕಿಂತ ಅಪಾಯ. ಅದನ್ನು ಹಿಡಿಯಲು ಕೈಗಡಿಯಾರ ಸಾಕು. ರಸ್ತೆ ಖಾಲಿಯಿದ್ದಾಗ ಮುಳ್ಳನ್ನು 60ರಲ್ಲೇ ಇಟ್ಟು ಓಡಿಸಿ. ಒಂದು ಕಿಲೋಮೀಟರ್ ಕಲ್ಲಿನಿಂದ ಮುಂದಿನದಕ್ಕೆ ಎಷ್ಟು ಹೊತ್ತೆಂದು ಪಕ್ಕದಲ್ಲಿ ಕೂತವರು ನೋಡಲಿ. ಒಂದು ನಿಮಿಷ ಆಗಬೇಕು. ಎರಡು ಮೂರು ಸೆಕೆಂಡು ಹೆಚ್ಚಾದರೆ ಚಿಂತೆಯಿಲ್ಲ. 50 ಸೆಕೆಂಡಿಗೇ ಕಲ್ಲು ಬಂದರೆ ನೀವು 72ರಲ್ಲಿ ಹೋಗುತ್ತಿದ್ದೀರಿ.

ಈ ಪರೀಕ್ಷೆಗೆ ಗಡಿಯಾರ ಹಿಡಿದು ಕೂರಲು ನಾನು ಯಜಮಾನರನ್ನೇ ಕರೆದುಕೊಂಡು ಹೋದೆ. ಕಳಿಸಿ ಎಂದಿದ್ದನಲ್ಲ!