ಲೆಕ್ಕದ ಮಾತು: ಪಾರ್ಸೆಲ್ ಕಳೆದರೆ ಯಾರ ಖಾತೆಗೆ?

ಈ ತಿಂಗಳು ಗ್ರಾಚ್ಯುಯಿಟಿ ಲೆಕ್ಕ ಬರೀತೇವೆ ಅಂತ ಕಳೆದ ಸಂಚಿಕೆಯಲ್ಲಿ ಹೇಳಿದ್ದೆವು. ಅದು ಮುಂದಿನ ತಿಂಗಳಿಗೆ ಹೋಯಿತು. ಯಾಕೆಂದರೆ ಇತ್ತೀಚೆಗೆ ನಮಗೆ ಬಂದ ಫೋನುಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು. ಕಳಿಸಿದ್ದು ತಲುಪಿಲ್ಲ, ಈಗ ಯಾರನ್ನು ಹಿಡಿಯುವುದು?

ಅದರಲ್ಲಿ ಒಂದು ಕೇಸು ಹೇಳಲೇಬೇಕು. ಕುಂದಾಪುರ ಕಡೆಯ ಹುಡುಗ, ಶಾರ್ಜಾದಲ್ಲಿ ಕೆಲಸ. ಒಳ್ಳೆ ಕಂಪನಿಯಿಂದ ಆಫರ್ ಬಂತು. ಡಿಗ್ರಿ ಸರ್ಟಿಫಿಕೇಟು ಅಟೆಸ್ಟೇಶನ್ ಆಗಿ ಬರಬೇಕು ಅಂತ ಷರತ್ತು. ಗೊತ್ತಿರುವವರಿಗೆ ಗೊತ್ತು, ಇದು ಎಷ್ಟು ಬಾಗಿಲು ಹತ್ತಿ ಇಳಿಯುವ ಕೆಲಸ ಅಂತ. ಬೆಂಗಳೂರಲ್ಲಿ ರಾಜ್ಯ ಸರ್ಕಾರದ ಸೀಲು, ದೆಹಲಿಯಲ್ಲಿ ವಿದೇಶಾಂಗ ಸಚಿವಾಲಯ, ಆಮೇಲೆ ಯುಎಇ ಎಂಬಸಿ, ಕೊನೆಗೆ ಇಲ್ಲಿಯ ವಿದೇಶಾಂಗ ಕಚೇರಿ. ಏಜೆಂಟ್ ಮೂರು ಸೀಲು ಮುಗಿಸಿ ದೆಹಲಿಯಿಂದ ಕೊರಿಯರ್ ಹಾಕಿದ. ಕವರು ಮಾಯ. ಒಳಗೆ ಡಿಗ್ರಿ, ಆರೂ ಸೆಮಿಸ್ಟರಿನ ಮಾರ್ಕ್ಸ್ ಕಾರ್ಡು, ಪಿಯುಸಿ, ಎಸ್ಸೆಸ್ಸೆಲ್ಸಿ ಎಲ್ಲ ಒಟ್ಟಿಗೆ. ರಸೀದಿಯಲ್ಲಿ ಬರೆದದ್ದು ಮಾತ್ರ ಎರಡೇ ಶಬ್ದ: ಡಾಕ್ಯುಮೆಂಟ್ಸ್, ಬೆಲೆಯಿಲ್ಲ.

ಹುಡುಗನ ಲೆಕ್ಕದಲ್ಲಿ ಆ ಕವರಿನ ಬೆಲೆ ಒಂದು ನೌಕರಿ. ಕಂಪನಿಯ ಲೆಕ್ಕದಲ್ಲಿ ಇನ್ನೂರು ಗ್ರಾಂ ಕಾಗದ. ಇದು ಕೊರಿಯರಿನವರ ಕಲ್ಲುಹೃದಯ ಅಂತ ಬೈದು ಪ್ರಯೋಜನವಿಲ್ಲ, ಅಂತಾರಾಷ್ಟ್ರೀಯ ಕಾನೂನೇ ಹಾಗಿದೆ. ವಿಮಾನದಲ್ಲಿ ಹೋಗುವ ಸರಕಿಗೆ 1999ರ ಮಾಂಟ್ರಿಯಲ್ ಒಪ್ಪಂದ ಅನ್ವಯ. ಭಾರತವೂ ಯುಎಇಯೂ ಎರಡೂ ಅದರಲ್ಲಿವೆ. ಸರಕು ಕಳೆದರೆ ಸಾಗಿಸಿದವರ ಹೊಣೆ ಕಿಲೋಗೆ 26 ಎಸ್‌ಡಿಆರ್‌ಗೆ ಮುಗಿಯುತ್ತದೆ. 2024ರ ಡಿಸೆಂಬರ್ ಕೊನೆಯವರೆಗೆ ಇದು 22 ಇತ್ತು. ಎಸ್‌ಡಿಆರ್ ಅಂದರೆ ಐಎಂಎಫ್‌ನ ಲೆಕ್ಕದ ಹಣ, ಒಂದಕ್ಕೆ ಅಂದಾಜು ಒಂದೂಕಾಲರಿಂದ ಒಂದೂವರೆ ಡಾಲರ್ ಒಳಗೆ. ಇನ್ನೂರು ಗ್ರಾಮಿಗೆ 5.2 ಎಸ್‌ಡಿಆರ್, ಅಂದರೆ ಇಪ್ಪತ್ತೈದು ದಿರ್ಹಂ ಆಸುಪಾಸು. ಡಬ್ಬ ಸಮೇತ ನಾನೂರು ಗ್ರಾಂ ತೂಗುವ ಮೂರು ಸಾವಿರ ದಿರ್ಹಮಿನ ಫೋನಿಗೆ ಸುಮಾರು ಐವತ್ತು ದಿರ್ಹಂ. ಬಾಕಿ ನಿಮ್ಮ ಖಾತೆಗೆ ನಷ್ಟ.

ಈ ಮಿತಿ ಮೀರಿ ಹಣ ಬರಬೇಕಾದರೆ ದಾರಿ ಎರಡು. ಬುಕ್ ಮಾಡುವಾಗಲೇ ವಸ್ತುವಿನ ಬೆಲೆ ಘೋಷಿಸಿ ಅದಕ್ಕೆ ತಕ್ಕ ಹೆಚ್ಚುವರಿ ಶುಲ್ಕ ಕಟ್ಟುವುದು, ಇಲ್ಲವೇ ಪ್ರತ್ಯೇಕ ಇನ್ಶೂರೆನ್ಸ್ ಮಾಡುವುದು. ಇಲ್ಲಿ ನಮ್ಮವರು ಎಡವುವ ಜಾಗ ಯಾವಾಗಲೂ ಒಂದೇ. ಊರಲ್ಲಿ ಕಸ್ಟಮ್ಸ್ ಬೀಳ್ತದೆ ಅಂತ ಮೂರು ಸಾವಿರದ ಫೋನಿಗೆ ಐವತ್ತು ದಿರ್ಹಂ ಅಂತ ಬರೆಸ್ತಾರೆ. ಕಳೆದ ಮೇಲೆ ಮೂರು ಸಾವಿರದ ಬಿಲ್ಲು ಹಿಡಿದುಕೊಂಡು ಹೋಗ್ತಾರೆ. ಯಾವ ಕಂಪನಿಯೂ, ಯಾವ ಕೋರ್ಟೂ ಆ ಬಿಲ್ಲಿಗೆ ಮರ್ಯಾದೆ ಕೊಡುವುದಿಲ್ಲ. ನಿಮ್ಮದೇ ಕೈಯ ಸಹಿ ಅಲ್ಲಿ ಐವತ್ತು ಅಂತ ಹೇಳುತ್ತಿದೆಯಲ್ಲ. ಲೆಕ್ಕ ಬರೆಯುವ ನಮ್ಮಂಥವರಿಗೆ ಇದು ಹೊಸದೇನಲ್ಲ. ಪುಸ್ತಕದಲ್ಲಿ ತೋರಿಸಿದ ಬೆಲೆಗೆ ಮಾತ್ರ ನಷ್ಟ ತೋರಿಸಲಿಕ್ಕೆ ಆಗುವುದು.

ಇನ್ನು ಕೆಲವರು 'ಗಿಫ್ಟ್' ಅಂತ ಬರೆದರೆ ಸುಂಕ ಇಲ್ಲ ಅಂತ ಈಗಲೂ ನಂಬಿದ್ದಾರೆ. ಮೊದಲು ಐದು ಸಾವಿರ ರೂಪಾಯಿವರೆಗಿನ ಉಡುಗೊರೆಗೆ ವಿನಾಯಿತಿ ಇತ್ತು ಹೌದು. 2019ರ ಡಿಸೆಂಬರಿನಲ್ಲಿ ಅದನ್ನು ತೆಗೆದಾಯಿತು. ಜೀವರಕ್ಷಕ ಔಷಧಿ ಮತ್ತು ರಾಖಿಗೆ ಮಾತ್ರ ಉಳಿಸಿದರು. ಉಳಿದದ್ದು ಗಿಫ್ಟ್ ಅಂದರೂ ಪೂರ್ತಿ ಸುಂಕ ಕಟ್ಟಿಯೇ ಬಿಡಿಸಿಕೊಳ್ಳಬೇಕು. ಹಾಗಾಗಿ ಬೆಲೆ ಸುಳ್ಳು ಬರೆಯುವುದರಲ್ಲಿ ಲಾಭಕ್ಕಿಂತ ಅಪಾಯವೇ ದೊಡ್ಡದು.

ಬೆಲೆ ಸರಿಯಾಗಿ ಬರೆದು ಕಳಿಸಿದವರ ಕಥೆ ಒಂದು ಹೇಳ್ತೇವೆ. 1958ರಲ್ಲಿ ನ್ಯೂಯಾರ್ಕಿನ ವಜ್ರದ ವ್ಯಾಪಾರಿ ಹ್ಯಾರಿ ವಿನ್‌ಸ್ಟನ್ ತನ್ನ ಹೋಪ್ ವಜ್ರವನ್ನು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಮ್ಯೂಸಿಯಮ್ಮಿಗೆ ದಾನ ಕೊಟ್ಟ. ನಮ್ಮ ಗೋಲ್ಕೊಂಡದ ಕಡೆಯ ಗಣಿಯಿಂದ ಹೋದದ್ದು ಅಂತ ಹೇಳುವ ನೀಲಿ ವಜ್ರ ಅದು. ಆತ ಗನ್‌ಮ್ಯಾನ್ ಇಟ್ಟು ಕಳಿಸಲಿಲ್ಲ. ಸಾದಾ ಕಂದು ಕಾಗದ ಸುತ್ತಿ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಹಾಕಿದ. ಒಟ್ಟು ಖರ್ಚು 145 ಡಾಲರ್ 29 ಸೆಂಟ್. ಅದರಲ್ಲಿ ಅಂಚೆ ಚಾರ್ಜು ಬರೀ 2 ಡಾಲರ್ 44 ಸೆಂಟ್, ಉಳಿದದ್ದೆಲ್ಲ ಹತ್ತು ಲಕ್ಷ ಡಾಲರಿನ ಇನ್ಶೂರೆನ್ಸಿಗೆ. ನೂರು ರೂಪಾಯಿ ಖರ್ಚಿನಲ್ಲಿ ತೊಂಬತ್ತೆಂಟು ರೂಪಾಯಿ ಭದ್ರತೆಗೆ ಇಟ್ಟ ಹಾಗೆ. ನಾವು ಮಾಡುವುದು ಇದರ ಉಲ್ಟಾ. ಡಬ್ಬದ ಮೇಲೆ ಐಫೋನಿನ ಚಿತ್ರ ಕಾಣುವ ಹಾಗೆ ಕಳಿಸುತ್ತೇವೆ, ಇನ್ಶೂರೆನ್ಸಿನ ಹತ್ತು ದಿರ್ಹಂ ಉಳಿಸುತ್ತೇವೆ.

ರಿಜಿಸ್ಟರ್ಡ್ ಪೋಸ್ಟಿನ ಶಕ್ತಿ ಬೀಗದಲ್ಲಿ ಇಲ್ಲ, ಸಹಿಯಲ್ಲಿದೆ. ಕೈ ಬದಲಾದಾಗಲೆಲ್ಲ ಒಬ್ಬ ಕೊಟ್ಟದ್ದಕ್ಕೆ ಇನ್ನೊಬ್ಬ ಸಹಿ ಹಾಕಬೇಕು. ನಮ್ಮ ವೋಚರ್ ಪದ್ಧತಿಯ ಹಾಗೆಯೇ. ಭಾರತದ ಒಳಗೆ 2025ರಲ್ಲಿ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿನ ಜತೆ ಸೇರಿಸಿಬಿಟ್ಟರು. ಆದರೂ ಸ್ಪೀಡ್ ಪೋಸ್ಟಿಗೆ ಮೇಲೆ ಸ್ವಲ್ಪ ಹಣ ಕೊಟ್ಟು 'ರಿಜಿಸ್ಟ್ರೇಶನ್' ಕೇಳಿ ಪಡೆಯಬಹುದು. ಆಗ ವಿಳಾಸದಾರರ ಕೈಗೇ ಕೊಡಬೇಕು. ಊರಲ್ಲಿ 'ಅಂಗಡಿಯಲ್ಲಿ ಕೊಟ್ಟು ಬಂದೆ, ಅವರ ಮನೆಯವರು ತಕ್ಕೊಂಡು ಹೋಗ್ತಾರೆ' ಅನ್ನುವ ಅಭ್ಯಾಸ ಉಂಟಲ್ಲ, ಅದಕ್ಕೆ ಇದೇ ಮದ್ದು. ಒಂದು ಮಾತು ನೆನಪಿರಲಿ, ಸ್ಪೀಡ್ ಪೋಸ್ಟ್ ಸುಮ್ಮನೆ ಕಳೆದರೆ ಪರಿಹಾರ ಕಟ್ಟಿದ ಚಾರ್ಜಿನ ಎರಡು ಪಟ್ಟು ಅಥವಾ ಸಾವಿರ ರೂಪಾಯಿ, ಯಾವುದು ಕಡಿಮೆಯೋ ಅದು. ಬೆಲೆಬಾಳುವುದಾದರೆ ಇನ್ಶೂರ್ ಮಾಡಲೇಬೇಕು.

ಚಿನ್ನದ ವಿಷಯ ಬೇರೆಯೇ. ಸೀರೆ ಮಡಿಕೆಯಲ್ಲಿ ಉಂಗುರ ಇಟ್ಟು ಕಳಿಸುವವರು ಈಗಲೂ ಇದ್ದಾರೆ. ವಿಶ್ವ ಅಂಚೆ ಒಕ್ಕೂಟದ ನಿಯಮದ ಪ್ರಕಾರ ಚಿನ್ನ, ಆಭರಣ, ನೋಟು, ನಾಣ್ಯ ಇವನ್ನು ಇನ್ಶೂರ್ ಮಾಡದ ಪಾರ್ಸೆಲಿನಲ್ಲಿ ಹಾಕುವ ಹಾಗಿಲ್ಲ. ಕೊರಿಯರಿನವರಲ್ಲಿ ಹೆಚ್ಚಿನವರು ಚಿನ್ನ, ನಗದು ತೆಗೆದುಕೊಳ್ಳುವುದೇ ಇಲ್ಲ ಅಂತ ಷರತ್ತಿನಲ್ಲಿ ಬರೆದಿರುತ್ತಾರೆ. ಬಚ್ಚಿಟ್ಟು ಕಳಿಸಿದ್ದು ಕಳೆದರೆ ಕ್ಲೇಮಿಲ್ಲ. ಕಸ್ಟಮ್ಸಿಗೆ ಸಿಕ್ಕಿದರೆ ಜಪ್ತಿ. ಇದಕ್ಕೆ ನೆಟ್ಟಗಿನ ದಾರಿ ಎಂದರೆ ಮೈಮೇಲೆ ಹಾಕಿಕೊಂಡು, ಬಿಲ್ಲು ಪರ್ಸಿನಲ್ಲಿಟ್ಟುಕೊಂಡು ಹೋಗುವುದು. ಒಂದು ವರ್ಷಕ್ಕಿಂತ ಹೆಚ್ಚು ಹೊರದೇಶದಲ್ಲಿದ್ದವರಿಗೆ ಸುಂಕವಿಲ್ಲದೆ ಹೆಂಗಸರಿಗೆ 40 ಗ್ರಾಂ, ಗಂಡಸರಿಗೆ 20 ಗ್ರಾಂ ಆಭರಣಕ್ಕೆ ಅವಕಾಶ ಉಂಟು. ಹೊರಡುವ ಮೊದಲು ಆವತ್ತಿನ ನಿಯಮ ಒಮ್ಮೆ ನೋಡಿಕೊಳ್ಳಿ. ಅಕ್ಕನ ಮದುವೆಗೆ ಅಂತ ಕೊಳ್ಳುವವರು ಬೇರೆ ಬೇರೆ ರಜೆಗೆ ಸ್ವಲ್ಪ ಸ್ವಲ್ಪ ಒಯ್ಯುವುದೂ ಒಂದು ಪ್ಲಾನು.

ಡೋರ್ ಟು ಡೋರ್ ಕಾರ್ಗೋ ನಮ್ಮವರ ಪ್ರೀತಿಯ ದಾರಿ. ಟ್ಯಾಂಗ್ ಡಬ್ಬ, ನಿಡೋ, ಬಾದಾಮಿ, ದಪ್ಪ ಕಂಬಳಿ, ಅಪ್ಪನಿಗೆ ಟಾರ್ಚು. ಇದಕ್ಕೆಲ್ಲ ಕಾರ್ಗೋ ಸಾಕು, ಹೋದರೂ ಮನೆ ಮುಳುಗುವುದಿಲ್ಲ. ತೊಂದರೆ ಬರುವುದು ಕಂಬಳಿಯ ಒಳಗೆ ಲ್ಯಾಪ್‌ಟಾಪ್ ತೂರಿಸಿದಾಗ. ರಸೀದಿಯಲ್ಲಿ 'ಮನೆ ಬಳಕೆ ಸಾಮಾನು, 1 ಕಾರ್ಟನ್' ಅಂತ ಒಂದೇ ಸಾಲು ಇದ್ದರೆ ಲ್ಯಾಪ್‌ಟಾಪ್ ಇತ್ತು ಅಂತ ಯಾರು ನಂಬಬೇಕು? ಒಳಗಿನ ಪಟ್ಟಿ ಎರಡು ಪ್ರತಿ ಬರೆದು, ಒಂದರ ಮೇಲೆ ಅವರ ಸೀಲು ಹಾಕಿಸಿಕೊಳ್ಳಿ. ಸೀಲು ಹಾಕುವುದಿಲ್ಲ ಅಂದರೆ ಲ್ಯಾಪ್‌ಟಾಪ್ ಹೊರಗೆ ತೆಗೆಯಿರಿ, ಅಷ್ಟೇ. ಪವರ್ ಬ್ಯಾಂಕು, ಅತ್ತರು, ಸ್ಪ್ರೇ ಬಾಟಲಿ ಏರ್ ಪಾರ್ಸೆಲಿಗೆ ಹಾಕಬೇಡಿ. ಬೆಂಕಿಯ ಭಯಕ್ಕೆ ಅದನ್ನು ತಡೆದು ನಿಲ್ಲಿಸುತ್ತಾರೆ. ಹಾಗೆ ತೆರೆದು ಮತ್ತೆ ಅಂಟಿಸಿದ ಡಬ್ಬದಿಂದ ಬೇರೆ ಸಾಮಾನು ಕಾಣೆಯಾದರೆ ಯಾರು ಎಲ್ಲಿ ತೆಗೆದರು ಅಂತ ಹಿಡಿಯುವುದು ಕಷ್ಟ.

ನಾವು ಎಲ್ಲಕ್ಕಿಂತ ಹೆಚ್ಚು ನಂಬುವುದು ತೂಕವನ್ನು. ಬುಕಿಂಗ್ ರಸೀದಿಯಲ್ಲಿ ಗ್ರಾಮಿನ ಮಟ್ಟದ ತೂಕ ಬರೆಸಿ. ಕಿಲೋ ಲೆಕ್ಕಕ್ಕೆ ರೌಂಡ್ ಮಾಡಿದ್ದು ಬೇಡ. ಊರಲ್ಲಿ ಪಾರ್ಸೆಲ್ ಬಂದಾಗ ಟೇಪು ಕಿತ್ತ ಹಾಗಿದ್ದರೆ ಮನೆಯವರು ಸಹಿ ಹಾಕುವ ಮೊದಲೇ ತೂಗಿಸಲು ಹೇಳಬೇಕು. ಅಂಚೆ ಕಚೇರಿಯಲ್ಲಾದರೆ ಅಧಿಕಾರಿಯ ಎದುರೇ ತೆರೆದು ಕೊಡಿ ಅಂತ ಕೇಳಬಹುದು. ಕೊರಿಯರ್ ಹುಡುಗ ಅವಸರ ಮಾಡಿದರೆ ಸಹಿಯ ಪಕ್ಕ 'ಪ್ಯಾಕಿಂಗ್ ಹರಿದಿದೆ, ತೂಕ ಕಡಿಮೆ' ಅಂತ ಬರೆದೇ ಸಹಿ ಹಾಕಲಿ. ಬರೆಯಲು ಬಿಡದಿದ್ದರೆ ತೆಗೆದುಕೊಳ್ಳುವುದೇ ಬೇಡ. ಕತ್ತರಿ ಹಾಕುವ ಮೊದಲಿಂದ ಕೊನೆಯವರೆಗೆ ತಂಗಿಯೋ ತಮ್ಮನೋ ಮೊಬೈಲಲ್ಲಿ ಒಂದೇ ವಿಡಿಯೋ ಮಾಡಲಿ. ಹಾನಿಗೆ ಲಿಖಿತ ದೂರು ಕೊಡಲು ಮಾಂಟ್ರಿಯಲ್ ಒಪ್ಪಂದದಲ್ಲಿ 14 ದಿನ ಮಾತ್ರ. ಒಳಗಿಂದ ಒಂದೆರಡು ವಸ್ತು ಹೋಗಿದ್ದರೂ ಅಷ್ಟರೊಳಗೆ ಬರೆದುಬಿಡುವುದೇ ಕ್ಷೇಮ. ಅಂಚೆಯಲ್ಲಿ ಹೋದದ್ದಾದರೆ ವಿಚಾರಣೆ ಅರ್ಜಿಗೆ ಕಳಿಸಿದ ದಿನದಿಂದ ಆರು ತಿಂಗಳು ಸಮಯವಿದೆ. ಫೋನಲ್ಲಿ ಜಗಳ ಮಾಡಿದ್ದು ದೂರು ಅಲ್ಲ. ಇಮೇಲ್ ಮಾಡಿ, ದೂರಿನ ನಂಬರ್ ತಕ್ಕೊಳ್ಳಿ.

ಅಂಚೆಯ ಟ್ರ್ಯಾಕಿಂಗ್ ನಂಬರಿನಲ್ಲಿ ಒಂದು ಚಂದದ ಲೆಕ್ಕ ಉಂಟು. ಎದುರು ಎರಡು ಇಂಗ್ಲಿಷ್ ಅಕ್ಷರ, ನಡುವೆ ಒಂಬತ್ತು ಅಂಕೆ, ಕೊನೆಗೆ ಹೊರಟ ದೇಶದ ಎರಡು ಅಕ್ಷರ. ಭಾರತಕ್ಕೆ ಐಎನ್, ಇಲ್ಲಿಗೆ ಎಇ. ಮೊದಲ ಅಕ್ಷರ ಆರ್ ಆದರೆ ರಿಜಿಸ್ಟರ್ಡ್, ಇ ಆದರೆ ಇಎಂಎಸ್, ವಿ ಆದರೆ ಇನ್ಶೂರ್ ಆದದ್ದು. ಒಂಬತ್ತನೆಯ ಅಂಕೆ ತಾಳೆ ನೋಡಲಿಕ್ಕೆ. ಮೊದಲ ಎಂಟು ಅಂಕೆಗಳನ್ನು ಕ್ರಮವಾಗಿ 8, 6, 4, 2, 3, 5, 9, 7ರಿಂದ ಗುಣಿಸಿ ಕೂಡಿಸಿ, 11ರಿಂದ ಭಾಗಿಸಿ, ಉಳಿದ ಶೇಷವನ್ನು 11ರಿಂದ ಕಳೆಯಿರಿ. 47312482 ತೆಗೆದುಕೊಂಡರೆ ಮೊತ್ತ 200, ಶೇಷ 2, ಒಂಬತ್ತನೆಯ ಅಂಕೆ 9 ಬರಬೇಕು. ಕಳೆದು 10 ಬಂದರೆ 0, 11 ಬಂದರೆ 5 ಅಂತ ನಿಯಮ. ಏಜೆಂಟ್ ವಾಟ್ಸಪ್ಪಿನಲ್ಲಿ ಕಳಿಸಿದ ನಂಬರು ತಾಳೆಯಾಗದಿದ್ದರೆ ಒಂದೋ ಬರೆಯುವಾಗ ತಪ್ಪಿದ್ದಾನೆ, ಇಲ್ಲವೇ ಹಾಕಲೇ ಇಲ್ಲ. ಕೊರಿಯರ್ ಕಂಪನಿಗಳ ನಂಬರಿಗೆ ಇದು ಅನ್ವಯಿಸುವುದಿಲ್ಲ.

ವಿಳಾಸದ ಬಗ್ಗೆ ಒಂದೆರಡು ಮಾತು. ಇಲ್ಲಿ ಅಂಚೆ ಬರುವುದು ಹೆಚ್ಚಾಗಿ ಪಿಒ ಬಾಕ್ಸಿಗೆ. ಕಂಪನಿಯ ಬಾಕ್ಸಾದರೆ ನೂರಾರು ಜನರ ಕವರಿನ ರಾಶಿಯಲ್ಲಿ ನಿಮ್ಮದು ಬಿದ್ದಿರುತ್ತದೆ. ಸರ್ಟಿಫಿಕೇಟಿನಂಥದ್ದು ಅಲ್ಲಿಗೆ ಬೇಡ. ಕೊರಿಯರಿಗೆ ಕಟ್ಟಡದ ಹೆಸರು, ರೂಮ್ ನಂಬರು, ಹಗಲು ಎತ್ತುವ ಮೊಬೈಲು ಕೊಡಿ. ಊರಿಗೆ ಕಳಿಸುವಾಗ ಅಮ್ಮನ ನಂಬರ್ ಕೊಟ್ಟರೆ ಅಮ್ಮನಿಗೆ ಮೊದಲೇ ಹೇಳಿಡಿ, ಪಾರ್ಸೆಲ್ ಕೈಗೆ ಬರುವ ಮೊದಲು ಯಾರಿಗೂ ಒಟಿಪಿ ಹೇಳಬಾರದು ಅಂತ. 'ದುಬೈನಿಂದ ನಿಮ್ಮ ಮಗನ ಪಾರ್ಸೆಲ್ ಕಸ್ಟಮ್ಸಲ್ಲಿ ಸಿಕ್ಕಿಬಿದ್ದಿದೆ, ದುಡ್ಡು ಹಾಕಿ' ಅನ್ನುವ ಫೋನ್ ಬಂದರೆ ಕಟ್ ಮಾಡಿ ನಿಮಗೆ ಹೇಳಲಿ. ನಿಜವಾದ ಕಸ್ಟಮ್ಸ್ ಪತ್ರದಲ್ಲಿ ಡಿಐಎನ್ ನಂಬರ್ ಇರುತ್ತದೆ. ಹಣ ಹೋಗಿಯೇಬಿಟ್ಟರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಊರಿಗೆ ಹೋಗಿ ಬರುವವರ ಕೈಲಿ ಕಳಿಸುವುದು ನಮ್ಮ ಹಳೇ ಪದ್ಧತಿ, ಸರ್ಟಿಫಿಕೇಟಿಗೆ ಈಗಲೂ ಅದೇ ಉತ್ತಮ. ಆದರೆ ಪೊಟ್ಟಣ ತೆರೆದು ತೋರಿಸಿ ಕೊಡಿ, ತೆರೆದು ನೋಡಿ ತಕ್ಕೊಳ್ಳಿ. ಪಾಯಸಕ್ಕಾಗಲಿ ಅಂತ ಅಮ್ಮ ಕಟ್ಟಿಕೊಟ್ಟ ಗಸಗಸೆ ಈ ದೇಶದಲ್ಲಿ ನಿಷೇಧಿತ ವಸ್ತು. ಏರ್‌ಪೋರ್ಟಿನಲ್ಲಿ ಸಿಕ್ಕಿಬೀಳುವುದು ಕಳಿಸಿದವರಲ್ಲ, ಒಯ್ದವರು.

ಕುಂದಾಪುರದ ಹುಡುಗನಿಗೆ ಕಂಪನಿ ಕೊನೆಗೆ ಕೊಟ್ಟದ್ದು ಕೊರಿಯರ್ ಬಾಡಿಗೆ ವಾಪಸ್. ಈಗ ಅವನ ಅಣ್ಣ ಊರಲ್ಲಿ ಪೊಲೀಸ್ ದೂರಿನ ಪ್ರತಿ, ಅಫಿಡವಿಟ್, ಅಧಿಕಾರ ಪತ್ರ ಹಿಡಿದು ವಿಶ್ವವಿದ್ಯಾಲಯಕ್ಕೆ ಓಡಾಡುತ್ತಿದ್ದಾರೆ. ಡುಪ್ಲಿಕೇಟ್ ಸಿಕ್ಕಿದ ಮೇಲೆ ಬೆಂಗಳೂರು, ದೆಹಲಿ, ಎಂಬಸಿ ಎಲ್ಲ ಮತ್ತೆ ಮೊದಲಿಂದ. ಹೊಸ ಕಂಪನಿ ಎರಡು ತಿಂಗಳು ಕಾಯುತ್ತೇವೆ ಅಂದಿದೆ. ಸಮಾಧಾನದ ಸಂಗತಿ ಅಂದರೆ ಕಳಿಸುವ ಮೊದಲು ಎಲ್ಲದರ ಎರಡೂ ಬದಿಯ ಬಣ್ಣದ ಸ್ಕ್ಯಾನ್ ಮಾಡಿಟ್ಟಿದ್ದ. ರಿಜಿಸ್ಟರ್ ನಂಬರು, ವರ್ಷ, ಸೀರಿಯಲ್ ನಂಬರು ಹುಡುಕುವ ಕಷ್ಟ ತಪ್ಪಿತು. ಈ ಸಲ ಡಿಗ್ರಿ ಒಂದನ್ನೇ ಕಳಿಸ್ತಾರಂತೆ, ಮಾರ್ಕ್ಸ್ ಕಾರ್ಡು ಮನೆಯ ಕಪಾಟಿನಲ್ಲೇ ಇರ್ತದೆ. ದೆಹಲಿಯಿಂದ ತರಲು ಅಲ್ಲಿಂದ ವಿಮಾನ ಹತ್ತುವ ಭಾವನೊಬ್ಬರು ಸಿಕ್ಕಿದ್ದಾರೆ.

ಮುಂದಿನ ತಿಂಗಳು ಗ್ರಾಚ್ಯುಯಿಟಿ. ಅಷ್ಟರಲ್ಲಿ ನಿಮ್ಮ ಕಾಂಟ್ರಾಕ್ಟು ತೆಗೆದು ಬೇಸಿಕ್ ಸಂಬಳ ಎಷ್ಟು ಅಂತ ಬರೆದಿದೆ ನೋಡಿಡಿ.