ಸಾಲವನ್ನು ಆದಾಯವೆನ್ನುವ ಮುನ್ನ

2025ರ ಜುಲೈ ತಿಂಗಳಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಸಣ್ಣ ವರ್ತಕರಿಗೆ ನೋಟಿಸುಗಳನ್ನು ರವಾನಿಸಿದಾಗ ಅಂಗಡಿಗಳ ಮುಂದೆ 'ಯುಪಿಐ ಇಲ್ಲ, ನಗದು ಮಾತ್ರ' ಎಂಬ ಬರಹಗಳು ತೂಗಾಡಿದ್ದನ್ನು ಜನರು ಮರೆತಿಲ್ಲ. 2021-22ರಿಂದ ನಾಲ್ಕು ವರ್ಷಗಳಲ್ಲಿ ಅವರ ಖಾತೆಗಳಿಗೆ ಯುಪಿಐ ಮೂಲಕ ಬಂದ ಹಣವನ್ನೇ ಆಧಾರವಾಗಿಟ್ಟು ವಹಿವಾಟನ್ನು ಅಳೆಯಲಾಗಿತ್ತು. ವರ್ತಕರು ಬಂದ್‌ಗೆ ಕರೆ ನೀಡಿದರು. ಜುಲೈ 23ರಂದು ಮುಖ್ಯಮಂತ್ರಿಯಾಗಿ ಸಿದ್ದರಾಮಯ್ಯನವರು ಅವರ ಸಭೆ ಕರೆದು, ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲವೆಂದೂ ಸಾಲ ಹಾಗೂ ವೈಯಕ್ತಿಕ ವ್ಯವಹಾರದ ಹಣಕ್ಕೆ ತೆರಿಗೆ ಇಲ್ಲವೆಂದೂ ಭರವಸೆ ನೀಡಿದ ಬಳಿಕ ಗದ್ದಲ ತಣ್ಣಗಾಯಿತು. ಆದರೆ ಖಾತೆಗೆ ಬಂದ ಹಣದಲ್ಲಿ ಸಾಲವೆಷ್ಟು, ಮಾರಾಟವೆಷ್ಟು ಎಂದು ತೋರಿಸುವ ಹೊಣೆ ಮಾತ್ರ ಬಡ ವರ್ತಕನ ಹೆಗಲ ಮೇಲೆಯೇ ಉಳಿಯಿತು.

ಈ ಪ್ರಶ್ನೆ ಬೆಂಗಳೂರಿನ ಬೇಕರಿಗಳದ್ದು ಮಾತ್ರವಲ್ಲ. ವಾಡಿ, ಸೇಡಂಗಳ ಸಿಮೆಂಟ್ ಕಾರ್ಖಾನೆಗಳಲ್ಲಿ ಪಾಳಿ ಮುಗಿಸಿ ಬಂದು ಸಂಜೆ ಕಿರಾಣಿ ಅಂಗಡಿ ತೆರೆಯುವವರಿದ್ದಾರೆ. ಶಹಾಬಾದಿನ ಕಲ್ಲಿನ ಕೆಲಸದ ಜೊತೆಗೆ ಆಟೋ ಇಟ್ಟುಕೊಂಡವರಿದ್ದಾರೆ. ಚಿತ್ತಾಪುರ, ಚಿಂಚೋಳಿಗಳಲ್ಲಿ ಮನೆಗೆಲಸದ ನಡುವೆ ಹೊಲಿಗೆ ಯಂತ್ರ ತುಳಿಯುವ ಹೆಣ್ಣುಮಕ್ಕಳಿದ್ದಾರೆ. ಇವರ ಬಂಡವಾಳವೆಲ್ಲ ಸಾಲವೇ. ಅಕ್ಕನ ಬಳೆ ಒತ್ತೆಯಿಟ್ಟದ್ದು, ಸಂಘದಲ್ಲಿ ಪತ್ನಿಯ ಹೆಸರಲ್ಲಿ ಎತ್ತಿದ್ದು, ಭಾವನಿಂದ ಕೈಗಡವಾಗಿ ತಂದದ್ದು.

ಕಾನೂನು ಇವರನ್ನು ಪೂರ್ತಿ ಕಡೆಗಣಿಸಿದೆಯೆಂದು ನಾವು ಹೇಳಲಾರೆವು. ಸಾಲದ ಅಸಲು ಆದಾಯವಲ್ಲ. ವ್ಯಾಪಾರಕ್ಕಾಗಿ ಪಡೆದ ಸಾಲದ ಬಡ್ಡಿಯನ್ನು ವ್ಯಾಪಾರದ ಆದಾಯದಿಂದ ಕಳೆಯಬಹುದು ಎಂಬುದು 1961ರ ಆದಾಯ ತೆರಿಗೆ ಕಾಯ್ದೆಯ 36ನೇ ಸೆಕ್ಷನ್ ಒಪ್ಪಿದ ಮಾತು. 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಹೊಸ ಕಾಯ್ದೆಯೂ ಈ ತತ್ವವನ್ನು ಉಳಿಸಿಕೊಂಡಿದೆ. ಅದು ಚಿನ್ನದ ಸಾಲವೋ ವೈಯಕ್ತಿಕ ಸಾಲವೋ ಎಂಬುದು ಮುಖ್ಯವಲ್ಲ, ಹಣ ಎಲ್ಲಿಗೆ ಹೋಯಿತು ಎಂಬುದೇ ಮುಖ್ಯ. 1 ಲಕ್ಷ ತಂದು 50,000ವನ್ನು ಮಗಳ ಮದುವೆಯ ಊಟಕ್ಕೆ ಸುರಿದರೆ ಆ ಅರ್ಧದ ಬಡ್ಡಿಗೆ ವಿನಾಯಿತಿಯಿಲ್ಲ. (ಮದುವೆಯ ಖರ್ಚಿನ ಬಗ್ಗೆ ನಾವು ಹೇಳಬೇಕಾದದ್ದು ಬೇರೆಯೇ ಇದೆ.) ಪತ್ನಿಯ ಹೆಸರಿನಲ್ಲಿ ಸಂಘದ ಸಾಲವೆತ್ತಿ ಪತಿಯ ಅಂಗಡಿಗೆ ಹಾಕಿದರೂ ಅಷ್ಟೇ, ಆ ಬಡ್ಡಿ ತನ್ನದೆಂದು ಅವನು ಸಾಧಿಸುವುದು ಕಷ್ಟ.

ಅದರಾಚೆಗೂ ಅಡ್ಡಗಾಲುಗಳಿವೆ. 2 ಕೋಟಿಯವರೆಗಿನ ವಹಿವಾಟಿಗೆ ಲೆಕ್ಕಪುಸ್ತಕದ ರಗಳೆಯಿಲ್ಲದ ಅಂದಾಜು ಪದ್ಧತಿಯೊಂದಿದೆ. ನಗದು ವಹಿವಾಟಿನ ನೂರಕ್ಕೆ 8, ಬ್ಯಾಂಕ್ ಮೂಲಕ ಬಂದದ್ದಕ್ಕೆ 6 ಲಾಭವೆಂದು ತೋರಿಸಿದರೆ ಸಾಕು. 6 ಲಕ್ಷದ ನಗದು ವ್ಯಾಪಾರಕ್ಕೆ 48,000 ರೂಪಾಯಿ ಲಾಭವೆಂದಾಯಿತು. ಆದರೆ ಈ ಅನುಕೂಲವನ್ನು ಆರಿಸಿಕೊಂಡವನು ಬಡ್ಡಿಯನ್ನು ಬೇರೆಯಾಗಿ ಕಳೆಯುವಂತಿಲ್ಲ. ಸಾಲವಿಲ್ಲದೆ ನಡೆಸುವವನೂ ಸಾಲದಲ್ಲಿ ಮುಳುಗಿದವನೂ ಇಲ್ಲಿ ಸಮಾನರು! ಇನ್ನು ಸಂಜೆಯ ಅಂಗಡಿ ನಷ್ಟಕ್ಕೆ ಬಿದ್ದರೆ ಅದನ್ನು ಕಾರ್ಖಾನೆಯ ಸಂಬಳದಿಂದ ಕಳೆಯಲು ಕಾನೂನು ಬಿಡದು. ಲಾಭವಾದರೆ ಸಂಬಳದ ಜೊತೆ ಕೂಡಿಸಬೇಕು, ನಷ್ಟವಾದರೆ ಮುಂದಿನ 8 ವರ್ಷಗಳಲ್ಲಿ ಬರುವ ವ್ಯಾಪಾರದ ಲಾಭಕ್ಕಾಗಿ ಕಾಯಬೇಕು.

2025ರ ಕೇಂದ್ರ ಬಜೆಟ್ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಇಲ್ಲದಂತೆ ಮಾಡಿರುವಾಗ ಈ ಚಿಂತೆಯೇಕೆ ಎಂದು ಕೆಲವರು ಕೇಳಿಯಾರು. ವಿವರಣೆ ಕೊಡಲಾಗದ ಜಮೆಗೆ ಆ ರಿಯಾಯಿತಿ ಅನ್ವಯಿಸದು; ಅದರ ಮೇಲೆ ಬೀಳುವುದು ವಿಶೇಷ ದರದ ತೆರಿಗೆ. ಭಾವ ಕೊಟ್ಟ 2 ಲಕ್ಷ ಕೈಗಡವೆಂದು ರುಜುವಾತಾಗದಿದ್ದರೆ ಅದೇ ಆದಾಯವಾಗಿಬಿಡುತ್ತದೆ. ಅದನ್ನು ನಗದಾಗಿ ಪಡೆದರೂ ಕಷ್ಟ ತಪ್ಪದು: 20,000 ಮತ್ತು ಅದಕ್ಕೆ ಮೇಲ್ಪಟ್ಟ ಸಾಲವನ್ನು ನಗದಾಗಿ ಪಡೆಯುವುದು ಬಹುತೇಕ ನಿಷಿದ್ಧ. ಸಕಾರಣವಿಲ್ಲದಿದ್ದರೆ ಸಾಲದಷ್ಟೇ ಮೊತ್ತದ ದಂಡವನ್ನು 1961ರ ಕಾಯ್ದೆ ವಿಧಿಸಿತ್ತು. ಬಡ್ಡಿರಹಿತವಾಗಿ ನೀಡಿದ ಸಾಲಕ್ಕೂ ಇದರಿಂದ ವಿನಾಯಿತಿಯಿಲ್ಲ. ಬಡ್ಡಿ ಕೊಡುವವನಿಗಾದರೂ ಬಡ್ಡಿಯನ್ನು ಕಳೆಯುವ ಹಕ್ಕಿದೆ. ಬಡ್ಡಿಯಿಂದ ದೂರವಿದ್ದು ಸಾಲ ಪಡೆದವನಿಂದ ಕಾನೂನು ಕೇಳುವುದು ಪುರಾವೆಯನ್ನು ಮಾತ್ರ.

ಇಲ್ಲಿ ನಾವು ನಮ್ಮ ಕಡೆಗೂ ನೋಡಿಕೊಳ್ಳಬೇಕಾಗಿದೆ. ಸಾಲವನ್ನು ಬರೆದಿಡಿ, ಸಾಕ್ಷಿಗಳನ್ನಿಡಿ, ಮೊತ್ತ ಚಿಕ್ಕದೆಂದು ಬೇಸರಿಸಬೇಡಿ ಎಂಬ ಆದೇಶ ಪವಿತ್ರ ಕುರ್‌ಆನಿನ ಅತಿ ದೀರ್ಘವಾದ ಸೂಕ್ತದಲ್ಲಿದೆ. ಆದರೂ ಆಪ್ತರ ನಡುವೆ ಕಾಗದ ಕೇಳುವುದನ್ನು ನಾವು ಅವಮಾನವೆಂದು ಭಾವಿಸಿದ್ದೇವೆ. ಅಶೋಕನ ಶಾಸನ ದೊರೆತ ಸನ್ನತಿಯ ಸೀಮೆಯಲ್ಲಿ, ದಾನ ಕೊಟ್ಟವರ ಹೆಸರನ್ನೂ ಎರಡು ಸಾವಿರ ವರ್ಷಗಳ ಹಿಂದೆಯೇ ಕಲ್ಲಿನಲ್ಲಿ ಕೆತ್ತಿದ್ದ ನೆಲದಲ್ಲಿ, ಇಂದು ಒಂದು ಹಾಳೆಗೆ ಸಂಕೋಚ!

ಸರಕಾರವೂ ತನ್ನ ಪಾಲಿನದನ್ನು ಮಾಡಬೇಕು. ಅಂದಾಜು ಪದ್ಧತಿಯಲ್ಲಿರುವ ಅತಿ ಸಣ್ಣ ವರ್ತಕನಿಗೆ ಬ್ಯಾಂಕಿಗೆ ಕಟ್ಟಿದ ಬಡ್ಡಿಯನ್ನಾದರೂ ಕಳೆಯುವ ಅವಕಾಶವನ್ನು ಕೇಂದ್ರ ನೀಡಲಿ. ಸರಕು ಮಾರುವವರಿಗೆ 40 ಲಕ್ಷ, ಸೇವೆಗೆ 20 ಲಕ್ಷ ಎಂಬ ಜಿಎಸ್‌ಟಿ ಮಿತಿಯನ್ನು ಲೆಕ್ಕ ಹಾಕುವಾಗ ಸಾಲದ ಜಮೆಯನ್ನು ಬಿಟ್ಟು ನೋಟಿಸು ಕಳಿಸುವ ಕ್ರಮವನ್ನು ರಾಜ್ಯದ ಇಲಾಖೆಯು ಲಿಖಿತ ಆದೇಶದಲ್ಲಿ ಸ್ಪಷ್ಟಪಡಿಸಲಿ. ವಾಡಿ, ಸೇಡಂಗಳಲ್ಲಿ ಪಾಳಿ ಮುಗಿಯುವ ಹೊತ್ತಿಗೆ ಕನ್ನಡದಲ್ಲೂ ಉರ್ದುವಿನಲ್ಲೂ ತಿಳುವಳಿಕೆ ಶಿಬಿರಗಳನ್ನು ನಡೆಸಲಿ. ಅಲ್ಲಿಯವರೆಗೆ ನಮ್ಮ ಜಮಾಅತ್ ಸಮಿತಿಗಳು ಇಷ್ಟನ್ನಾದರೂ ಮಾಡಬಹುದು: ಕೊಟ್ಟವರ ಮತ್ತು ಪಡೆದವರ ಹೆಸರು, ಮೊತ್ತ, ತಾರೀಖು, ಉದ್ದೇಶ, ಮರಳಿಸುವ ಅವಧಿ, ಇಬ್ಬರು ಸಾಕ್ಷಿಗಳ ರುಜು ಇರುವ ಒಂದು ಪುಟದ ನಮೂನೆಯನ್ನು ಮುದ್ರಿಸಿ ಹಂಚುವುದು, ಹಣವನ್ನು ಬ್ಯಾಂಕ್ ಖಾತೆಯ ಮೂಲಕವೇ ಕೊಡುವಂತೆ ಹೇಳುವುದು.