ಕೃಷ್ಣಾ ತೀರದ ಎತ್ತು ಮತ್ತು ಶುದ್ಧ ರಕ್ತದ ಮಾತು

ಕೃಷ್ಣಾ ತೀರದ ದನದ ತಳಿಯನ್ನು ಉಳಿಸಬೇಕು, ಅಳಿದುಹೋದ ಕಡೆ ಸಂಕರದ ಮೂಲಕವಾದರೂ ಮರಳಿ ತರಬೇಕು ಎಂಬ ಮಾತು ಆಗಾಗ ಕೇಳಿಬರುತ್ತದೆ. ಒಳ್ಳೆಯ ಮಾತೇ. ಸರ್ಕಾರಿ ದಾಖಲೆಗಳಲ್ಲಿ 'ಕೃಷ್ಣಾ ವ್ಯಾಲಿ' ಎಂದು ಕರೆಯುವ ಈ ದನ ಒಂದು ಕಾಲಕ್ಕೆ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳ ಎರೆಭೂಮಿಯ ಹೆಮ್ಮೆಯಾಗಿತ್ತು. ಈಗ ಅಚ್ಚ ಲಕ್ಷಣದ ಒಂದು ಜೋಡಿ ನೋಡಬೇಕೆಂದರೆ ಊರೂರು ಹುಡುಕಿಕೊಂಡು ಹೋಗಬೇಕು. ಬಹಳಷ್ಟು ಊರುಗಳ ಮಟ್ಟಿಗೆ ಅದು ಅಳಿದೇ ಹೋಗಿದೆ. ಆದರೆ ಈ ಒಳ್ಳೆಯ ಮಾತಿನ ಬಾಲಕ್ಕೆ ಇನ್ನೊಂದು ಮಾತು ಅಂಟಿಕೊಂಡು ಬರುತ್ತದೆ: ಶುದ್ಧ ರಕ್ತ, ಬೆರಕೆಯಿಲ್ಲದ ದೇಶಿ ತಳಿ, ಅನಾದಿಯಿಂದ ಬಂದ ಗೋವಂಶ. ನನ್ನ ತಕರಾರು ಇರುವುದು ಇಲ್ಲಿ. ಈ ತಳಿಯ ವಿಷಯದಲ್ಲಿ ಹೀಗೆ ಮಾತಾಡುವವರಿಗೆ ಒಂದೋ ಇತಿಹಾಸ ಗೊತ್ತಿಲ್ಲ, ಇಲ್ಲವೇ ಗೊತ್ತಿದ್ದೂ ಮುಚ್ಚಿಡುತ್ತಿದ್ದಾರೆ.

ಹಕೀಕತ್ತು ಏನೆಂದರೆ, ಕೃಷ್ಣಾ ತಳಿ ಹುಟ್ಟಿದ್ದೇ ಬೆರಕೆಯಿಂದ. ಅದೂ ಅನಾದಿ ಕಾಲದಲ್ಲಲ್ಲ, 1880ರ ಆಸುಪಾಸಿನಲ್ಲಿ. ಎರೆಭೂಮಿಯಲ್ಲಿ ಬೇಸಾಯ ಮಾಡಿದವರಿಗೆ ಆ ಮಣ್ಣಿನ ಸ್ವಭಾವ ಗೊತ್ತು. ಬೇಸಿಗೆಯಲ್ಲಿ ಕಾಲು ತೂರುವಷ್ಟು ಬಿರುಕು. ಮಳೆ ಬಿದ್ದರೆ ಅಂಟು. ನೇಗಿಲಿಗೆ, ಕುಂಟೆಗೆ, ಎತ್ತಿನ ಗೊರಸಿಗೆ, ಮನುಷ್ಯನ ಪಾದಕ್ಕೆ ಹಿಡಿದುಕೊಂಡರೆ ಬಿಡುವುದಿಲ್ಲ. ಹಗುರ ಮೈಯ ಎತ್ತು ಅಲ್ಲಿ ಮಧ್ಯಾಹ್ನದೊಳಗೆ ಸೋತು ನಿಲ್ಲುತ್ತದೆ. ಸಾಂಗ್ಲಿ ಮೊದಲಾದ ದಕ್ಷಿಣ ಮರಾಠಾ ಸಂಸ್ಥಾನಗಳ ಅರಸರು ಇದಕ್ಕೆ ಪರಿಹಾರ ಹುಡುಕಿದರು. ಕಾಠಿಯಾವಾಡದಿಂದ ಗಿರ್, ಗುಜರಾತಿನಿಂದ ಕಾಂಕ್ರೇಜ್, ತೆಲುಗು ಸೀಮೆಯಿಂದ ಒಂಗೋಲು ಹೋರಿಗಳನ್ನು ತರಿಸಿ, ಮೈಸೂರು ಕಡೆಯ ರಕ್ತವಿದ್ದ ಇಲ್ಲಿನ ಹಸುಗಳಿಗೆ ಕೊಡಿಸಿದರು. ನಾಲ್ಕು ದಿಕ್ಕಿನ ರಕ್ತ ಕೂಡಿದ ಮೇಲೆ ರೈತರು ತಮಗೆ ಬೇಕಾದ್ದನ್ನು ಆರಿಸಿಕೊಳ್ಳುತ್ತ ಬಂದರು. ಗಿಡ್ಡ ದಪ್ಪ ಕಾಲು, ಆಳವಾದ ಎದೆ, ಭಾರವಾದ ಮೈ, ಬೂದು ಬಿಳುಪು ಬಣ್ಣ, ಪುಟ್ಟ ಬಾಗಿದ ಕೊಂಬು, ನೆಲ ಮುಟ್ಟುವಂತಹ ಬಾಲ. ನೋಡಲು ಖಿಲಾರಿಯಷ್ಟು ಚೆಂದವಿಲ್ಲ, ನಡಿಗೆಯಲ್ಲಿ ಹಳ್ಳಿಕಾರಿನ ಚುರುಕಿಲ್ಲ. ಆದರೆ ಕೆಸರಿನಲ್ಲಿ ಹೂತ ಗಾಡಿಯನ್ನು ಎಳೆದು ದಡ ಸೇರಿಸುವ ಎತ್ತು ಅದು.

ನಾನು ಪಶುತಜ್ಞನಲ್ಲ, ಕತೆ ಬರೆಯುವವನು. ಪದಗಳ ಕಡೆಗೆ ಕಿವಿ ಹೆಚ್ಚು. ನಾನು ಕಲಿತ ಉರ್ದುವಿನಲ್ಲಿ ದನದ ತಳಿಗೂ ಮನುಷ್ಯರ ಪೀಳಿಗೆಗೂ 'ನಸಲ್' ಎಂಬ ಒಂದೇ ಪದವಿದೆ. ಕನ್ನಡದ 'ತಳಿ'ಯನ್ನೂ ಬಯ್ಯುವಾಗ ಮನುಷ್ಯರ ಮೇಲೆ ಎಸೆಯುತ್ತೇವೆ. 'ಬೆರಕೆ' ಎಂಬುದು ಎರಡೂ ಕಡೆ ಬೈಗುಳವೇ. ಹೀಗಾಗಿ ದನದ ರಕ್ತದ ಶುದ್ಧಿಯನ್ನು ಕುರಿತ ಭಾಷಣ ದನದ ಕೊಟ್ಟಿಗೆಯಲ್ಲಿ ನಿಲ್ಲುವುದಿಲ್ಲ, ಕೇಳುವವರು ಅದನ್ನು ಬೇಗನೆ ಓಣಿಗೆ ತರುತ್ತಾರೆ.

ಯುರೋಪಿನಲ್ಲಿ ಇದು ನಡೆದಿದೆ. ಅಲ್ಲಿನ ದನಗಳಿಗೆಲ್ಲ ಮೂಲವಾದ ಅರೋಕ್ಸ್ ಎಂಬ ಕಾಡುದನದ ಕೊನೆಯ ಹಸು 1627ರಲ್ಲಿ ಪೋಲೆಂಡಿನ ಯಾಕ್ಟೊರೂವ್ ಕಾಡಿನಲ್ಲಿ ಸತ್ತಿತು. ಮುನ್ನೂರು ವರ್ಷಗಳ ನಂತರ, 1920ರ ದಶಕದಲ್ಲಿ, ಜರ್ಮನಿಯ ಇಬ್ಬರು ಸೋದರರು ಅದನ್ನು ಸಂಕರದಿಂದ ಮರಳಿ ತರುತ್ತೇವೆಂದು ಹೊರಟರು. ಮ್ಯೂನಿಕ್ ಮೃಗಾಲಯದ ಹೈಂಜ್ ಹೆಕ್ ಹಂಗೇರಿಯ ಬೂದು ದನ, ಸ್ಕಾಟ್ಲೆಂಡಿನ ಗುಡ್ಡದ ದನ, ಕಾರ್ಸಿಕಾದ ದನ ಮೊದಲಾದವನ್ನು ಬೆರೆಸಿದ. ಬರ್ಲಿನ್ನಿನ ಲುಟ್ಸ್ ಹೆಕ್ ಸ್ಪೇನಿನ ಕಾಳಗದ ಗೂಳಿಗಳನ್ನು ತಂದ. ಕೆಲವೇ ವರ್ಷಗಳಲ್ಲಿ ಇಬ್ಬರೂ ಗೆದ್ದೆವೆಂದು ಸಾರಿದರು. ಲುಟ್ಸ್‌ನ ಬೆನ್ನಿಗೆ ನಾಜಿ ನಾಯಕ ಗೋರಿಂಗ್ ನಿಂತ. ಪ್ರಾಚೀನ ಜರ್ಮನ್ ಕಾಡಿನಲ್ಲಿ ಪ್ರಾಚೀನ ಜರ್ಮನ್ ಗೂಳಿಯ ಬೇಟೆಯಾಡುವುದು ಅವನ ಕನಸು. ಹುಟ್ಟಿದ್ದೇನು? ಬಣ್ಣದಲ್ಲಿ, ಕೊಂಬಿನಲ್ಲಿ ಒಂದಿಷ್ಟು ಹೋಲುವ, ಎತ್ತರದಲ್ಲಿ ಅರೋಕ್ಸ್‌ಗೆ ಸಮನಾಗದ ಒಂದು ಹೊಸ ಸಾಕುದನ. ಅದನ್ನು ಇಂದು ಹೆಕ್ ದನ ಎಂದೇ ಕರೆಯುತ್ತಾರೆ. ಹತ್ತು ಕಡೆಯ ರಕ್ತ ಬೆರೆಸಿ ಅದಕ್ಕೆ ಶುದ್ಧ ಪ್ರಾಚೀನವೆಂದು ಹೆಸರಿಟ್ಟದ್ದರ ತಮಾಷೆ ಆ ಕಾಲದ ಜರ್ಮನಿಗೆ ಹೊಳೆಯಲಿಲ್ಲ.

ಸಂಕರದ ಮೇಲೆ ನನಗೆ ಯಾವ ದ್ವೇಷವೂ ಇಲ್ಲ. ಅಳಿವಿನಂಚಿಗೆ ಬಂದ ತಳಿಗೆ ಅದೊಂದೇ ದಾರಿ ಉಳಿದಿದ್ದರೆ ಅದೇ ದಾರಿ ಹಿಡಿಯಬೇಕು. ಲೆಕ್ಕ ಸರಳವಾಗಿದೆ. ಉಳಿದಿರುವ ಒಳ್ಳೆಯ ಕೃಷ್ಣಾ ಹೋರಿಯನ್ನು ಸಾದಾ ನಾಟಿ ಹಸುವಿಗೆ ಕೊಟ್ಟರೆ ಹುಟ್ಟುವ ಕರು ಅರ್ಧ ಕೃಷ್ಣಾ. ಅದು ಹೆಣ್ಣಾದರೆ ಅದಕ್ಕೆ ಇನ್ನೊಂದು ಕೃಷ್ಣಾ ಹೋರಿ, ಆಗ ಮುಕ್ಕಾಲು. ಹೀಗೆ ಐದನೇ ಪೀಳಿಗೆಗೆ 32ರಲ್ಲಿ 31 ಪಾಲು. ಒಂದು ಪೀಳಿಗೆಗೆ ನಾಲ್ಕು ವರ್ಷ ಹಿಡಿದರೂ ಇಪ್ಪತ್ತು ವರ್ಷದ ಕೆಲಸ. ಆಮೇಲೂ ತಾಯಿಯ ಕಡೆಯಿಂದ ಮಾತ್ರ ಇಳಿದುಬರುವ ಒಂದು ಅಂಶ, ಜೀವಕೋಶದ ಮೈಟೋಕಾಂಡ್ರಿಯಾ, ಆ ಮೊದಲ ನಾಟಿ ಹಸುವಿನದೇ ಆಗಿರುತ್ತದೆ. ಇರಲಿ ಬಿಡಿ, ಅದರಿಂದ ಎತ್ತಿನ ಹೆಗಲಿಗೆ ಏನೂ ಕಡಿಮೆಯಾಗುವುದಿಲ್ಲ. ಇಂಗ್ಲೆಂಡಿನಲ್ಲಿ ನಾರ್ಫೋಕ್ ಹಾರ್ನ್ ಎಂಬ ಕುರಿ ತಳಿಯ ಕೊನೆಯ ಶುದ್ಧ ಟಗರು 1973ರಲ್ಲಿ ಸತ್ತಾಗ ಸಫೋಕ್ ಕುರಿಗಳ ಜೊತೆಗಿನ ಸಂಕರದಿಂದಲೇ ಆ ತಳಿಯನ್ನು ಮತ್ತೆ ಕಟ್ಟಿದರು. ಮೊದಲಿಗೆ ಅದನ್ನು 'ಹೊಸ' ನಾರ್ಫೋಕ್ ಹಾರ್ನ್ ಎಂದೇ ಕರೆದರು. ಆ ಪ್ರಾಮಾಣಿಕತೆ ನಮಗೂ ಇರಬೇಕು.

ನಾವು ಅಳಬೇಕಾದ್ದು ರಕ್ತಕ್ಕಲ್ಲ. ಕೃಷ್ಣಾ ತಳಿಯನ್ನು ಯಾರೂ ಬೇಕೆಂದು ಕೊಲ್ಲಲಿಲ್ಲ. ಅದರ ಕೆಲಸ ಹೋಯಿತು, ಕೆಲಸದ ಹಿಂದೆ ಅದೂ ಹೋಯಿತು. ಟ್ರ್ಯಾಕ್ಟರ್ ಬಂತು. ಕಾಲುವೆ ನೀರು ಬಂದ ಕಡೆ ಜೋಳ, ಹತ್ತಿ, ಕಡಲೆಯ ಹೊಲಗಳು ಕಬ್ಬಿನ ಗದ್ದೆಗಳಾದವು. ಎತ್ತು ಬೇಕಾದವರು ಹಗುರಾದ ಖಿಲಾರಿಯ ಕಡೆ ತಿರುಗಿದರು. ಅದಕ್ಕೆ ಗಾಡಿಯೂ ಇದೆ, ಓಟದ ಪಂದ್ಯವೂ ಇದೆ, ಆದ್ದರಿಂದ ಗಿರಾಕಿಯೂ ಇದ್ದಾನೆ. ಹಾಲು ಬೇಕಾದವರು ಎಚ್ಚೆಫ್, ಜರ್ಸಿ ಕಟ್ಟಿದರು. 2012 ಮತ್ತು 2019ರ ಜಾನುವಾರು ಗಣತಿಗಳ ನಡುವೆ ದೇಶದಲ್ಲಿ ದೇಶಿ ದನಗಳ ಸಂಖ್ಯೆ ಶೇ. 6ರಷ್ಟು ಇಳಿಯಿತು. ಅದಕ್ಕಿಂತ ಗಾಬರಿಯ ಅಂಕಿ ಇನ್ನೊಂದಿದೆ: ಅದೇ ಏಳು ವರ್ಷಗಳಲ್ಲಿ ಗಂಡು ದನಗಳ ಸಂಖ್ಯೆ ಸುಮಾರು ಶೇ. 30ರಷ್ಟು ಕುಸಿಯಿತು. ಹೋರಿ ಕರು ಯಾರಿಗೂ ಬೇಡವಾಗಿದೆ.

ಈಗ ಸರ್ಕಾರದ ಕೆಲಸ ನೋಡಿ. 2014ರಲ್ಲಿ ರಾಷ್ಟ್ರೀಯ ಗೋಕುಲ್ ಮಿಷನ್ ಆರಂಭವಾಯಿತು, ದೇಶಿ ತಳಿಗಳ ಅಭಿವೃದ್ಧಿಯೇ ಅದರ ಉದ್ದೇಶ. ಅದೇ ಮಿಷನ್ನಿನ ಅಡಿಯಲ್ಲಿ ಹೆಣ್ಣು ಕರುವೇ ಹುಟ್ಟುವಂತೆ ಲಿಂಗ ಬೇರ್ಪಡಿಸಿದ ವೀರ್ಯದ ಕಡ್ಡಿಗಳನ್ನೂ ರೈತರಿಗೆ ಒದಗಿಸಲಾಗುತ್ತಿದೆ; ಶೇ. 90ರಷ್ಟು ಹೆಣ್ಣೇ ಹುಟ್ಟುತ್ತದೆಂಬ ಭರವಸೆ. ಹಾಲಿನ ದನಕ್ಕೆ ಇದು ಸರಿಯೇ ಇರಬಹುದು. ಆದರೆ ಕೃಷ್ಣಾ, ಅಮೃತಮಹಲ್, ಹಳ್ಳಿಕಾರ್ ಇವೆಲ್ಲ ದುಡಿಮೆಯ ತಳಿಗಳು. ಅವುಗಳ ಬೆಲೆ ಇದ್ದದ್ದೇ ಗಂಡಿನಲ್ಲಿ. ಒಂದು ಕೈಯಲ್ಲಿ ಎತ್ತಿನ ತಳಿ ಉಳಿಸುತ್ತೇವೆನ್ನುವುದು, ಇನ್ನೊಂದು ಕೈಯಲ್ಲಿ ಎತ್ತು ಹುಟ್ಟದಂತೆ ನೋಡಿಕೊಳ್ಳುವುದು; ಇದಕ್ಕೆ ಏನನ್ನೋಣ?

ಎತ್ತಿನ ಲೆಕ್ಕಾಚಾರ ಹಿಂದೆ ಹೀಗಿತ್ತು. ರೈತ ಹೋರಿ ಕರು ಕೊಂಡು ಪಳಗಿಸುತ್ತಿದ್ದ, ಏಳೆಂಟು ವರ್ಷ ದುಡಿಸುತ್ತಿದ್ದ, ವಯಸ್ಸಾದ ಮೇಲೆ ಸಂತೆಯಲ್ಲಿ ಮಾರುತ್ತಿದ್ದ. ಆ ಹಣಕ್ಕೆ ಇನ್ನಷ್ಟು ಸೇರಿಸಿ ಎಳೆಯ ಜೋಡಿ ಹಿಡಿದುಕೊಂಡು ಬರುತ್ತಿದ್ದ. ವಿಜಯಪುರದ ಸಿದ್ಧೇಶ್ವರ ಜಾತ್ರೆಯಂತಹ ದನದ ಸಂತೆಗಳಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಕಟ್ಟುತ್ತಿದ್ದ ದಲಾಲಿಗಳಲ್ಲಿ ಎಲ್ಲ ಜಾತಿಯವರೂ ಇದ್ದರು, ನಮ್ಮವರೂ ಇದ್ದರು. ಕರ್ನಾಟಕದ 1964ರ ಕಾಯಿದೆ ಹಸುವಿನ ವಧೆಯನ್ನು ನಿಷೇಧಿಸಿತ್ತು, ಆದರೆ 12 ವರ್ಷ ದಾಟಿದ ಎತ್ತಿಗೆ ಅವಕಾಶ ಕೊಟ್ಟಿತ್ತು. 2021ರಲ್ಲಿ ಜಾರಿಗೆ ಬಂದ ಹೊಸ ಕಾಯಿದೆ ಆ ಬಾಗಿಲನ್ನು ಮುಚ್ಚಿತು. 13 ದಾಟಿದ ಎಮ್ಮೆ ಕೋಣಗಳನ್ನು ಬಿಟ್ಟು ಉಳಿದದ್ದಕ್ಕೆಲ್ಲ ನಿಷೇಧ, ತಪ್ಪಿದರೆ ಮೂರರಿಂದ ಏಳು ವರ್ಷ ಸೆರೆ. ಇದನ್ನು ಮಾಂಸ ತಿನ್ನುವವರ ಪ್ರಶ್ನೆಯೆಂದು ಮಾತ್ರ ನೋಡಿದವರು ರೈತನ ಕೊಟ್ಟಿಗೆಯನ್ನು ನೋಡಲಿಲ್ಲ. ಮುದಿ ಎತ್ತಿಗೆ ಬೆಲೆ ಇಲ್ಲವೆಂದ ಮೇಲೆ ಎಳೆ ಹೋರಿಯನ್ನು ಕೊಳ್ಳುವ ಧೈರ್ಯ ಯಾರಿಗೆ ಬರುತ್ತದೆ? ಟ್ರ್ಯಾಕ್ಟರ್ ಹಾಳಾದರೆ ಗುಜರಿಗೆ ಹಾಕಬಹುದು. ಹಳೆಯ ಎತ್ತನ್ನು ಸಾಯುವವರೆಗೂ ಸಾಕುವ ಮೇವು ಒಂದೆರಡು ಎಕರೆಯವನ ಬಣವೆಯಲ್ಲಿ ಇರುವುದಿಲ್ಲ.

ಮೇವಿನ ಮಾತು ಬಂದದ್ದರಿಂದ ಒಂದು ಸಂಗತಿ. ಮೈಸೂರು ಅರಸರ 'ಬೆಣ್ಣೆ ಚಾವಡಿ'ಯನ್ನು ಹೈದರ್ ಬೆಳೆಸಿದ, ಟಿಪ್ಪು ಅದಕ್ಕೆ 'ಅಮೃತಮಹಲ್' ಎಂದು ಹೆಸರಿಟ್ಟ. ಆ ದನಗಳಿಗಾಗಿ ಕಾವಲುಗಳೆಂಬ ವಿಶಾಲ ಹುಲ್ಲುಗಾವಲುಗಳಿದ್ದವು. 1860ರಲ್ಲಿ ಬ್ರಿಟಿಷ್ ಆಡಳಿತ ಖರ್ಚು ಉಳಿಸಲೆಂದು ಆ ಹಿಂಡನ್ನು ಮಾರಿಹಾಕಿ, ತಪ್ಪು ಅರಿವಾಗಿ 1866ರಲ್ಲಿ ಮತ್ತೆ ಕಟ್ಟಲು ಹೊರಟಿತು. ಕಾವಲು ಇದ್ದುದರಿಂದ ಅದು ಸಾಧ್ಯವಾಯಿತು. ನಮ್ಮ ಕಾಲದಲ್ಲಿ ಚಳ್ಳಕೆರೆಯ ಅಮೃತಮಹಲ್ ಕಾವಲಿನ ಸುಮಾರು 10 ಸಾವಿರ ಎಕರೆ ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ, ವಿಜ್ಞಾನ ಸಂಸ್ಥೆಗಳಿಗೆ ಹೋಯಿತು. ಗೋವಿನ ಹೆಸರಿನಲ್ಲಿ ರಸ್ತೆಯಲ್ಲಿ ಲಾರಿ ತಡೆಯುವವರು ಆ ಕಾವಲಿನ ಬೇಲಿಯ ಮುಂದೆ ಗುಂಪುಗೂಡಿದ್ದನ್ನು ನಾನಂತೂ ಕಾಣೆ. ಅಲ್ಲಿ ಹೋರಾಡಿದವರು ಸುತ್ತಲ ಹಳ್ಳಿಗಳ ದನಗಾಹಿಗಳು, ಕುರಿಗಾಹಿಗಳು ಮತ್ತು ಅವರ ಜೊತೆ ನಿಂತ ಪರಿಸರದವರು.

ಇನ್ನೊಂದು ವಿಚಿತ್ರ ಕೇಳಿ. ಕೃಷ್ಣಾ ತಳಿಯ ರಕ್ತ ಇಂದು ಎಲ್ಲಿ ನೆಮ್ಮದಿಯಾಗಿದೆ ಗೊತ್ತೇ? ಅಮೆರಿಕದಲ್ಲಿ. ಭಾರತದಿಂದ ಹೋದ ಗಿರ್, ಕಾಂಕ್ರೇಜ್, ಒಂಗೋಲು ಮತ್ತು ಕೃಷ್ಣಾ ದನಗಳನ್ನು ಬೆರೆಸಿ ಅಲ್ಲಿನವರು ಒಂದು ತಳಿ ಕಟ್ಟಿದರು, 1924ರಲ್ಲಿ ಅದಕ್ಕೊಂದು ತಳಿಗಾರರ ಸಂಘವನ್ನೂ ಮಾಡಿಕೊಂಡರು. ಬಿಸಿಲು, ಉಣ್ಣೆ, ನೊಣ ತಡೆದುಕೊಳ್ಳುವ ಗುಣಕ್ಕಾಗಿ ಅದು ಅಲ್ಲಿ ಪ್ರಸಿದ್ಧ. ಸಾಕುವುದು ಮಾಂಸಕ್ಕಾಗಿ. ಅದರ ಹೆಸರು 'ಬ್ರಾಹ್ಮನ್'. ಹೆಸರಿಟ್ಟವರು ಅವರು, ನಾನಲ್ಲ.

ಆದ್ದರಿಂದ ಕೃಷ್ಣಾ ತಳಿಯನ್ನು ಮರಳಿ ತರುತ್ತೇವೆನ್ನುವವರು ವೀರ್ಯದ ಕಡ್ಡಿಯ ಜೊತೆಗೆ ಇಷ್ಟನ್ನೂ ಹೇಳಲಿ: ಈ ಎತ್ತಿಗೆ ಯಾವ ಕೆಲಸ ಕೊಡುತ್ತೀರಿ? ಎಡೆ ಹೊಡೆಯಲು, ಕಬ್ಬು ಸಾಗಿಸಲು, ಟ್ರ್ಯಾಕ್ಟರ್ ಹೂಳುವ ಮಳೆಗಾಲದ ಎರೆಯಲ್ಲಿ ದುಡಿಯಲು ಎತ್ತು ಕಟ್ಟುವ ರೈತನಿಗೆ, ಟ್ರ್ಯಾಕ್ಟರಿಗೆ ಕೊಡುವ ಸಾಲ ಸಬ್ಸಿಡಿಯಲ್ಲಿ ಎಷ್ಟು ಪಾಲು? ಊರ ಗೋಮಾಳದಲ್ಲಿ ಎಷ್ಟು ಎಕರೆ ಬಿಡಿಸಿಕೊಡುತ್ತೀರಿ? ಮತ್ತು ಕೊನೆಯದಾಗಿ, ಹದಿಮೂರನೇ ವರ್ಷಕ್ಕೆ ಆ ಎತ್ತು ಕಾಲು ಮಡಿಸಿ ಕೂತ ದಿನ, ಅದರ ಹಗ್ಗವನ್ನು ರೈತನ ಕೈಯಿಂದ ಯಾರು ಇಸಿದುಕೊಳ್ಳುತ್ತಾರೆ, ಎಷ್ಟು ರೂಪಾಯಿಗೆ?